ಗುಬ್ಬಿಗೋ, ಗುಬ್ಬೀಲೋ

ನಮ್ಮಪ್ಪನಿಗೆ ಬಸ್ಸನ್ನ ರಿವರ್ಸ್ ತೆಗೆಯೋಕೆ ಬರ್ತಿರ್ಲಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಆಮೇಲೆ ನಾನು ಪಟ್ಟ ಪಾಡಿಗೆಲ್ಲ ಇದೇ ಬೇರು. ಕುಣಿಗಲ್‌ನಿಂದ ಹೆಬ್ಬೂರು ಮೇಲೆ ತುಮಕೂರಿಗೆ ಹೋಗೋ ಪ್ರೈವೇಟ್ ಬಸ್ಸಿಗೆ ಅವನು ಡ್ರೈವರ್, ನಮ್ಮ ಚಿಕ್ಕಪ್ಪ ಅದೇ ಬಸ್ಸಿಗೆ ಕಂಡಕ್ಟರ್. ಮುಂದಕ್ಕೆ ಓಡಿಸೋದ್ರಲ್ಲಿ ನಮ್ಮಪ್ಪನ್ನ ಹಿಡಿಯೋರು ಆ ರೂಟಲ್ಲೇ ಯಾರೂ ಇರ್ಲಿಲ್ಲ. ಹಿಂದಕ್ಕೆ ಬರ್ಬೇಕು ಅಂದ್ರೆ ಮಾತ್ರ ಚಿಕ್ಕಪ್ಪ ಕೆಳಗಿಳಿದು, ಬಸ್ಸಿನ ಬೆನ್ನು ತಟ್ಕೊಂಡು "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಅಂತ ಗಂಟಲು ಹರ್ಕೋಬೇಕಿತ್ತು. ಒಂದು ಸಲ ಹೆಬ್ಬೂರು ಸ್ಟ್ಯಾಂಡಲ್ಲಿ, ಸರಿಯಾಗಿ ಹೋಲ್ಡಾನ್ ಅನ್ನೋ ಹೊತ್ತಿಗೆ ಚಿಕ್ಕಪ್ಪನಿಗೆ ಸೀನು ಬಂತು. ಹೂವಿನಂಗಡಿ ಹೋಯ್ತು. ಹೂವಿನಮ್ಮ ಪಕ್ಕದಲ್ಲಿ ಕಡಲೆಕಾಯಿ ತಗೊಳ್ತಾ ನಿಂತಿದ್ದಕ್ಕೆ ಬಚಾವಾದ್ರು. ಅವತ್ತಿಂದ ರಿವರ್ಸ್ ಅನ್ನೋ ಮಾತು ಕಿವಿಗೆ ಬಿದ್ರೇ ನಮ್ಮಪ್ಪನಿಗೆ ಮೈಯೆಲ್ಲ ಉರಿ. "ಡ್ರೈವರ್ ಅನ್ನಿಸ್ಕೊಂಡೋನು ಮುಂದಕ್ಕೆ ಓಡಿಸ್ಬೇಕು ಕಣ್ಲಾ. ಹಿಂದಕ್ಕೆ ಹೋಗೋದು ಯಾವ ಸೀಮೆ ಡ್ರೈವಿಂಗು?" ಅಂತ ಚಿಕ್ಕಪ್ಪನ ಮೇಲೆ ರೇಗ್ತಿದ್ದ.

ಇಂಥ ಮನುಷ್ಯನಿಗೆ ದೇವರು ಎಂಥಾ ಅಳಿಯನ್ನ ಕೊಟ್ಟ ಅಂತೀರಿ? ರೈಲ್ವೇಲಿ ಶಂಟಿಂಗ್ ಇಂಜಿನ್ ಓಡಿಸೋರನ್ನ.

ಸಂಬಂಧ ತಂದವರು "ಹುಡುಗ ರೈಲ್ವೇಲಿ ಡ್ರೈವರ್" ಅಂದಿದ್ರು. ಸುಳ್ಳೇನಲ್ಲ, ಅಷ್ಟಕ್ಕೇ ನಿಲ್ಲಿಸಿದ್ರು ಅಷ್ಟೆ. ಆಗ ಕುಣಿಗಲ್‌ಗೆ ಇನ್ನೂ ರೈಲು ಬಂದಿರ್ಲಿಲ್ಲ. ನಮ್ಮೂರ ಕಡೆಯವರಿಗೆ ರೈಲು ಅಂದ್ರೆ ತುಮಕೂರಿಗೆ ಹೋಗಿ ಹತ್ತೋ ಸಾಮಾನು. ನಮ್ಮಪ್ಪ ಬಸ್ ಸ್ಟ್ಯಾಂಡಲ್ಲಿ ನಿಂತ್ಕೊಂಡು "ನಾನು ಬಸ್ಸು, ನನ್ನ ಅಳಿಯ ರೈಲು" ಅಂತ ಎದೆ ಉಬ್ಬಿಸ್ಕೊಂಡಿದ್ದೇ ಉಬ್ಬಿಸ್ಕೊಂಡಿದ್ದು. ಲಗ್ನಪತ್ರಿಕೆ ಕೊಟ್ಟವರಿಗೆಲ್ಲ "ಡೆಲ್ಲಿಗೆ ಹೋಗೋದಿದ್ರೆ ಹೇಳಿ, ಅಳಿಯಂದ್ರು ಹತ್ತಿಸ್ಕೊಂಡು ಹೋಗ್ತಾರೆ" ಅಂತಿದ್ದ. ಯಾರೂ ಡೆಲ್ಲಿಗೆ ಹೊರಡ್ಲಿಲ್ಲ, ಪುಣ್ಯ.

ಮದುವೆಯಾದ ಹೊಸದರಲ್ಲಿ ಅಳಿಯ ರೈಲು ಓಡಿಸೋದನ್ನ ಕಣ್ಣಾರೆ ನೋಡ್ಬೇಕು ಅಂತ ನಮ್ಮಪ್ಪ, ಚಿಕ್ಕಪ್ಪ ಇಬ್ಬರೂ ಇಸ್ತ್ರಿ ಬಟ್ಟೆ ಹಾಕ್ಕೊಂಡು ತುಮಕೂರು ಸ್ಟೇಷನ್ನಿಗೆ ಬಂದ್ರು. ನಾನೂ ಜೊತೆಗಿದ್ದೆ. ಪ್ಲಾಟ್‌ಫಾರಂ ಕೊನೇಲಿ ನಿಂತ್ರೆ ಗೂಡ್ಸ್ ಶೆಡ್ಡಿನ ಕಡೆ ಹಳಿಗಳು ಕಾಣ್ತವೆ. ಅಲ್ಲಿತ್ತು ನಮ್ಮನೆಯವರ ಇಂಜಿನ್ನು. ಮುಂದೆ ಉದ್ದಕ್ಕೆ ಒಂದು ಮೂತಿ, ಹಿಂದೆ ಒಂದೇ ಕೊನೇಲಿ ಡ್ರೈವರ್ ನಿಂತ್ಕೊಳ್ಳೋ ಗೂಡು. ಅದು ಘಡಘಡ ಅಂತ ಹೊಗೆ ಬಿಟ್ಕೊಂಡು ಮುಂದಕ್ಕೆ ಹೋಯ್ತು. "ಹೊರಟ್ರು, ಹೊರಟ್ರು!" ಅಂತ ನಮ್ಮಪ್ಪ ಕೈ ಬೀಸ್ದ. ಇಂಜಿನ್ನು ಸ್ವಲ್ಪ ದೂರ ಹೋಗಿ ನಿಂತು, ಹಂಗೇ ವಾಪಸ್ ಬಂತು. ಎರಡು ವ್ಯಾಗನ್ ತಳ್ಳಿ ಮತ್ತೆ ಹೋಯ್ತು. ನಮ್ಮಪ್ಪ ಮತ್ತೆ ಕೈ ಬೀಸ್ದ. ಮತ್ತೆ ವಾಪಸ್ ಬಂತು. ಎತ್ತಿದ ಕೈಯನ್ನ ಎಲ್ಲಿಡಬೇಕು ಅಂತ ಗೊತ್ತಾಗದೆ ತಲೆ ಕೆರ್ಕೊಂಡ.

ಟೀ ಹೊತ್ತಿಗೆ ನಮ್ಮನೆಯವರು ಕೈ ಒರೆಸ್ಕೊಂಡು ಬಂದ್ರು.

"ಯಾವಾಗ ಹೊರಡ್ತದೆ ಅಳಿಯಂದ್ರೇ?" ಅಂತ ನಮ್ಮಪ್ಪ ಕೇಳ್ದ.

"ಇದು ಹೊರಡಲ್ಲ ಮಾವ. ಇದು ಇಲ್ಲೇ ಇರೋದು. ಬೇರೆ ಗಾಡಿ ಹೊರಡೋಕೆ ವ್ಯಾಗನ್ನುಗಳನ್ನ ಬಿಡಿಸಿ ಜೋಡಿಸಿ ಕೊಡೋದು ಇದರ ಕೆಲಸ. ಶಂಟಿಂಗು."

ನಮ್ಮಪ್ಪ ಚಿಕ್ಕಪ್ಪನ ಮುಖ ನೋಡ್ದ. ಚಿಕ್ಕಪ್ಪ ಟೀ ಲೋಟದೊಳಗೆ ನೋಡ್ದ. ಮಾತು ಬದಲಾಯಿಸೋಣ ಅಂತಲೋ ಏನೋ, ಇಂಜಿನ್ ಮೇಲೆ ಬರೆದಿದ್ದ ಇಂಗ್ಲಿಷ್ ಅಕ್ಷರ ತೋರಿಸಿ ಅದೇನು ಅಂತ ಚಿಕ್ಕಪ್ಪ ಕೇಳಿಬಿಟ್ಟ. ನಮ್ಮನೆಯವರಿಗೆ ಬೇರೆ ಏನು ಕೇಳಿದ್ರೂ ಹೂಂ, ಊಹೂಂ ಅಷ್ಟೆ. ಇಂಜಿನ್ ವಿಷಯ ಕೇಳಿದ್ರೆ ಮಾತ್ರ ನಲ್ಲಿ ತಿರುಗಿಸಿದ ಹಂಗೆ.

"ಡಬ್ಲ್ಯೂ ಡಿ ಎಸ್ ಸಿಕ್ಸ್ ಅಂತ ಚಿಕ್ಕಮಾವ. ಡಬ್ಲ್ಯೂ ಅಂದ್ರೆ ಬ್ರಾಡ್‌ಗೇಜು, ಡಿ ಅಂದ್ರೆ ಡೀಸಲ್ಲು, ಎಸ್ ಅಂದ್ರೆ ಶಂಟಿಂಗು. ಒಳಗಡೆ ಡೀಸಲ್ ಇಂಜಿನ್ನು ಕರೆಂಟ್ ತಯಾರು ಮಾಡುತ್ತೆ, ಆ ಕರೆಂಟಲ್ಲಿ ಮೋಟರ್ ತಿರುಗಿ ಚಕ್ರ ಓಡುತ್ತೆ."

"ಅಂದ್ರೆ ಎಲ್ಲಿಗೂ ಹೋಗಲ್ಲ ಅಂತ ಮೈ ಮೇಲೇ ಬರ್ಕೊಂಡವ್ರೆ!" ಅಂದ ನಮ್ಮಪ್ಪ.

ಬಸ್ ಸ್ಟ್ಯಾಂಡ್ ಬರೋತನಕ ಬಿರಬಿರನೆ ನಡೆದ. ಅಲ್ಲಿ ಬಂದು ಸಿಡಿದ. "ಡಿಪೋದಲ್ಲಿ ಬಸ್ ತೊಳೆಯೋಕೆ ಆ ಕಡೆ ಈ ಕಡೆ ತೆಗೆಯೋರನ್ನ ಯಾರಾದ್ರೂ ಡ್ರೈವರ್ ಅಂತಾರೇನ್ಲಾ? ಜೀವಮಾನವೆಲ್ಲ ರಿವರ್ಸಲ್ಲಿ ಇರೋ ಮನುಷ್ಯನಿಗೆ ಮಗಳನ್ನ ಕೊಟ್ಟಂಗಾಯ್ತಲ್ಲೋ!" ಆಮೇಲೆ ನನ್ನ ಕಡೆ ತಿರುಗಿ ಬೆರಳೆತ್ತಿ ಹೇಳ್ದ. "ಕೇಳವ್ವ. ಡೆಲ್ಲಿ ಬೇಡ, ಹುಬ್ಬಳ್ಳಿ ಬೇಡ. ನಿನ್ನ ಗಂಡ ಆ ಇಂಜಿನ್ನನ್ನ ಗುಬ್ಬಿಗೆ ಓಡಿಸ್ಲಿ. ಇಲ್ಲೇ ಪಕ್ಕದಲ್ಲಿರೋ ಗುಬ್ಬಿಗೆ! ಅಲ್ಲೀತಂಕ ನಿಮ್ಮನೇಲಿ ನಾನು ಎಲೆ ಮುಂದೆ ಕೂರಲ್ಲ."

ಗುಬ್ಬಿಗೆ ಅಂತಲೇ ಅಂದಿದ್ದು. ನಾನೂ ಕೇಳಿದೀನಿ, ಚಿಕ್ಕಪ್ಪನೂ ಕೇಳಿದಾನೆ.

ಸಿಟ್ಟಲ್ಲಿ ಅಂದಿದ್ದು, ನಾಲ್ಕು ದಿನಕ್ಕೆ ಮರೀತಾನೆ ಅಂದ್ಕೊಂಡೆ. ಮರೀಲಿಲ್ಲ ಕಣ್ರೀ. ತಿಂಗಳಿಗೊಂದು ಸಲ ತಪ್ಪದೆ ತೆಂಗಿನಕಾಯಿ ಹೊತ್ಕೊಂಡು ನಮ್ಮ ಕ್ವಾರ್ಟರ್ಸಿಗೆ ಬರೋನು. ಒಳಗೆ ಬಂದು ಕೂರೋನು, ಮೊಮ್ಮಗಳನ್ನ ಆಡಿಸೋನು, ಕಾಫಿ ಕುಡಿಯೋನು. ಕಾಫಿ ಊಟ ಅಲ್ಲವಂತೆ. ಆಮೇಲಾಮೇಲೆ ಕೋಡುಬಳೆಯೂ ಊಟ ಅಲ್ಲ ಅಂತಾಯ್ತು, ನಿಪ್ಪಟ್ಟೂ ಊಟ ಅಲ್ಲ ಅಂತಾಯ್ತು. ತಟ್ಟೆ ಹಾಕ್ತೀನಿ ಅಂದ ತಕ್ಷಣ ಎದ್ದು, ಎದುರಿಗಿದ್ದ ಮೋರಿ ಕಟ್ಟೆ ಮೇಲೆ ಕೂತ್ಕೊಂಡು, ಬರ್ತಾ ಕಟ್ಟಿಸ್ಕೊಂಡು ಬಂದಿದ್ದ ತಟ್ಟೆ ಇಡ್ಲಿ ಪೊಟ್ಟಣ ಬಿಚ್ಚೋನು! ಹೆತ್ತ ಮಗಳ ಮನೆ ಬಾಗಿಲು ಅಲ್ಲಿ ತೆರೆದಿದೆ, ಒಲೆ ಮೇಲೆ ಸೊಪ್ಪಿನ ಸಾರು ಕುದೀತಿದೆ, ಈ ಯಪ್ಪ ಮೋರಿ ಮೇಲೆ ಕೂತು ಚಟ್ನಿ ನೆಕ್ತಿದಾನೆ. ನನಗೆ ಆಗ್ತಿದ್ದ ಸಂಕಟ ಅಷ್ಟಿಷ್ಟಲ್ಲ. ಪಕ್ಕದ ಮನೆಯವಳು ಒಂದಿನ "ನಿಮ್ಮಪ್ಪನಿಗೆ ಊಟ ಹಾಕಲ್ವೇನ್ರಿ ನೀವು?" ಅಂತ ಕೇಳಿಯೇ ಬಿಟ್ಲು.

ನಮ್ಮನೆಯವರಿಗೆ ಸಿಟ್ಟಾದ್ರೂ ಬರಬಾರದಾ? ಊಹೂಂ. ಮನೇಲಿದ್ದ ದಿನ ತಮ್ಮ ತಟ್ಟೆ ಎತ್ಕೊಂಡು ಹೋಗಿ ಮೋರಿ ಕಟ್ಟೆ ಮೇಲೆ ಮಾವನ ಪಕ್ಕ ಕೂತು ಮುದ್ದೆ ಮುರಿಯೋರು. ನಮ್ಮಪ್ಪ ಆ ಕಡೆ ಮುಖ ತಿರುಗಿಸ್ಕೊಂಡು ಇಡ್ಲಿ, ಇವರು ಈ ಕಡೆ ಮುದ್ದೆ. ಸೊಸೈಟಿ ಹಾಲು ತರೋಕೆ ಹೋಗೋರೆಲ್ಲ ನಿಂತು ನೋಡೋರು.

"ರೀ, ಗೂಡ್ಸ್ ಡ್ರೈವರ್ ಪ್ರಮೋಷನ್ ಬಂದ್ರೆ ಬೇಡ ಅಂತೀರಲ್ಲ, ಒಪ್ಕೊಂಡ್ರೆ ಗುಬ್ಬಿ ಏನು, ಅರಸೀಕೆರೆ ದಾಟಿ ಹೋಗ್ಬೋದು" ಅಂತ ನಾನು ಜಗಳ ತೆಗೀತಿದ್ದೆ.

"ಹೋದೋರೆಲ್ಲ ವಾಪಸ್ ಬರ್ಲೇಬೇಕಲ್ಲ ಕಣೇ. ನಾನು ಹೋಗ್ದೇನೇ ಮನೇಲಿದೀನಿ. ಬಿಸಿ ಮುದ್ದೆ ಸಿಗುತ್ತೆ, ಮಗು ಮುಖ ದಿನಾ ಕಾಣುತ್ತೆ. ಇನ್ನೇನ್ ಬೇಕು?"

ಒಳಗೊಳಗೆ ಖುಷಿಯೂ ಆಗ್ತಿತ್ತು, ಹೊರಗೆ ಪಾತ್ರೆ ಕುಕ್ತಿದ್ದೆ.

ಹಿಂಗೇ ನಡೀತಿತ್ತು, ಸತ್ಯಮಂಗಲದ ಕಡೆ ಒಂದು ಸೈಟಲ್ಲಿ ನಾವು ಮನೆ ಕಟ್ಟೋತನಕ. ಮೇಸ್ತ್ರಿಗೆ ನಾನು ಹೇಳಿದ್ದು ಒಂದೇ ಮಾತು: "ಮನೆ ಮುಂದೆ ಕೂರೋಕೆ ಕಟ್ಟೆ ಗಿಟ್ಟೆ ಏನೂ ಇರಕೂಡದು." ಅವನಿಗೇನೂ ಅರ್ಥ ಆಗ್ಲಿಲ್ಲ. ಗೃಹಪ್ರವೇಶಕ್ಕೆ ದಿನ ಗೊತ್ತಾದ್ಮೇಲೆ ನನಗೆ ನಿದ್ದೆ ಹತ್ತದಂಗಾಯ್ತು. ತವರಿನಿಂದ ಅಪ್ಪ ಬಂದು ಮಡಿಲಕ್ಕಿ ಕೊಡ್ಬೇಕು, ಮೊದಲನೇ ಪಂಕ್ತೀಲಿ ಕೂತು ಉಣ್ಬೇಕು. ಅವತ್ತೂ ಈತ ಬೀದೀಲಿ ನಿಂತು ಇಡ್ಲಿ ತಿಂದ್ರೆ ನೆಂಟರಿಷ್ಟರ ಮುಂದೆ ನಾನು ಎಲ್ಲಿ ಮುಖ ಇಟ್ಕೊಳ್ಲಿ? ಫೋನ್ ಮಾಡಿ ಅತ್ತು ಕರೆದೆ, ಬೈದೆ.

"ಬರ್ತೀನಿ ಕಣವ್ವ. ಸೀರೆ ತರ್ತೀನಿ, ಕಾಯಿ ತರ್ತೀನಿ. ಊಟ ಮಾತ್ರ, ನಿಂಗೇ ಗೊತ್ತಲ್ಲ, ಗುಬ್ಬಿ" ಅಂದ.

"ಗುಬ್ಬಿ ಹಾಳಾಗ್ಲಿ!" ಅಂತ ಫೋನ್ ಕುಕ್ಕಿದೆ. ಗುಬ್ಬಿಯವರು ಕ್ಷಮಿಸ್ಬೇಕು.

ಗೃಹಪ್ರವೇಶಕ್ಕೆ ಇನ್ನೇನು ಕೆಲವು ದಿನ ಇದೆ ಅನ್ನೋವಾಗ ಒಂದು ಸಂಜೆ ನಮ್ಮನೆಯವರು ಶೂ ಬಿಚ್ತಾ, ಏನೋ ಸಣ್ಣ ಸುದ್ದಿ ಅನ್ನೋ ಹಂಗೆ ಹೇಳಿದ್ರು. "ನಾಳಿದ್ದು ಇಂಜಿನ್ ಜೊತೆ ಗುಬ್ಬಿಗೆ ಹೋಗ್ತಿದೀನಿ. ಅಲ್ಲಿ ಹಳಿ ಕೆಲಸಕ್ಕೆ ಜಲ್ಲಿ ವ್ಯಾಗನ್ ಬಂದಿದಾವೆ, ಶಂಟಿಂಗ್ ಮಾಡ್ಬೇಕಂತೆ."

ನನ್ನ ಕಿವಿಗೆ ಬಿದ್ದಿದ್ದು ಗುಬ್ಬಿಗೆ ಅನ್ನೋದು ಮಾತ್ರ. "ಜೊತೆ" ಅನ್ನೋ ಪದ ನಾನು ಕೇಳಿಸ್ಕೊಳ್ಳೇ ಇಲ್ಲ. ಆಗಲೇ ಕುಣಿಗಲ್‌ಗೆ ಫೋನು. "ಅಪ್ಪಾ, ನಾಳಿದ್ದು ಗುಬ್ಬಿ ಸ್ಟೇಷನ್ನಿಗೆ ಬಂದು ನಿಂತ್ಕೊ. ನಿನ್ನ ಅಳಿಯ ಇಂಜಿನ್ ಓಡಿಸ್ಕೊಂಡು ಬರ್ತಾರೆ!"

ಹೇಳಿದ ದಿನ ನಾನು ಬುತ್ತಿ ಕಟ್ಕೊಂಡು ಬಸ್ಸಲ್ಲಿ ಗುಬ್ಬಿಗೆ ಹೋಗೋ ಹೊತ್ತಿಗಾಗಲೇ ನಮ್ಮಪ್ಪ ಪ್ಲಾಟ್‌ಫಾರಂ ಬೆಂಚಿನ ಮೇಲಿದ್ದ. ಬಿಳೀ ಪಂಚೆ, ಹಣೆ ತುಂಬ ವಿಭೂತಿ, ಮೇಲೆ ಹಳೇ ಖಾಕಿ ಶರ್ಟು. ಡ್ರೈವರ್ ಡ್ರೈವರ್‌ನ ನೋಡೋಕೆ ಬಂದಿದಾನೆ ಅನ್ನೋದು ಗೊತ್ತಾಗ್ಲಿ ಅಂತ ಖಾಕಿ ಹಾಕ್ಕೊಂಡು ಬಂದಿದ್ದ. ಇಷ್ಟು ವರ್ಷ ಹಠ ಹಿಡಿದಿದ್ದೋನಿಗೆ ಹಠ ಸೋಲಲಿ ಅಂತ ನನಗಿಂತ ಜಾಸ್ತಿ ಆಸೆಯಿತ್ತು.

ತುಮಕೂರು ಕಡೆಯಿಂದ ಗಾಡಿ ಸದ್ದಾಯ್ತು. ಇಬ್ಬರೂ ಎದ್ದು ನಿಂತ್ವಿ. ಮುಂದೆ ದೊಡ್ಡ ಕರೆಂಟ್ ಇಂಜಿನ್ನು, ಅದರ ಹಿಂದೆ... ಅದರ ಹಿಂದೆ, ಅಯ್ಯೋ ಶಿವನೇ, ನಮ್ಮನೆಯವರ ಇಂಜಿನ್ನು, ಹೊಗೆಯಿಲ್ಲ, ಸದ್ದಿಲ್ಲ, ಸುಮ್ನೆ ಎಳೆಸ್ಕೊಂಡು ಬರ್ತಿದೆ. ಅದರ ಹಿಂದೆ ಗೂಡ್ಸ್ ಗಾಡಿ. ನಮ್ಮನೆಯವರು ಗೂಡಿನ ಕಿಟಕೀಲಿ ಮೊಣಕೈ ಊರ್ಕೊಂಡು, ಬಸ್ಸಲ್ಲಿ ವಿಂಡೋ ಸೀಟ್ ಸಿಕ್ಕಿರೋರ ಥರ ಗಾಳಿ ತಗೊಳ್ತಾ ನಿಂತಿದಾರೆ. ನಮ್ಮನ್ನ ನೋಡಿ ಕೈ ಬೇರೆ ಬೀಸಿದ್ರು.

ನಮ್ಮಪ್ಪನ ಬಾಯಿ ತೆರೆದಿದ್ದು ಹಂಗೇ ಇತ್ತು. ಆಮೇಲೆ ನಗು ಶುರುವಾಯ್ತು. ಬೆಂಚು ಹಿಡ್ಕೊಂಡು ಕೂತ, ಕೆಮ್ಮಿದ, ಕಣ್ಣಲ್ಲಿ ನೀರು ಬಂತು. "ಕೆಟ್ಟೋಗಿರೋ ಬಸ್ಸನ್ನ ಹಗ್ಗ ಕಟ್ಟಿ ಎಳ್ಕೊಂಡ್ ಬಂದಂಗೆ ತಂದವ್ರಲ್ಲವ್ವಾ! ಗುಬ್ಬಿಗೆ ಬರೋಕೂ ಇನ್ನೊಬ್ಬ ಎಳೀಬೇಕಾ!"

ನನಗೆ ಎಲ್ಲಿಲ್ಲದ ಕೋಪ ಬಂತು. "ಅವ್ರು ಬಂದ್ರು ತಾನೆ? ಗುಬ್ಬಿಗೆ ಬಂದ್ರು ತಾನೆ?"

"ಬಂದ್ರು. ನಾನು ಓಡಿಸ್ಲಿ ಅಂದಿದ್ದೆ, ಬರ್ಲಿ ಅಂದಿರ್ಲಿಲ್ಲ."

ಮಾತಲ್ಲಿ ನಮ್ಮಪ್ಪನ್ನ ಗೆದ್ದೋರಿಲ್ಲ. ನಾನು ಬುತ್ತಿ ಚೀಲ ತಬ್ಬಿಕೊಂಡು ಆ ಕಡೆ ತಿರುಗಿ ಕೂತೆ. ಎಲ್ಲ ಮುಗೀತು ಅನ್ನಿಸ್ತು. ಅಳು ಬರ್ತಿತ್ತು, ಸ್ಟೇಷನ್ನಲ್ಲಿ ಯಾರು ಅಳ್ತಾರೆ ಅಂತ ತಡ್ಕೊಂಡೆ.

ಅಷ್ಟರಲ್ಲಿ ಗೂಡ್ಸ್ ಗಾಡಿ ನಮ್ಮ ಇಂಜಿನ್ನನ್ನ ಬಿಟ್ಟು ಹೋಯ್ತು. ನಮ್ಮನೆಯವರು ಒಳಗೆ ಏನೋ ಮಾಡಿದ್ರು, ಇಂಜಿನ್ನು ಒಂದು ಸಲ ಗೊರಗುಟ್ಟಿ, ಕಪ್ಪು ಹೊಗೆ ಉಗುಳಿ ಎದ್ದು ನಿಂತ್ಕೊಂತು. ಪಕ್ಕದ ಹಳೀಲಿ ಜಲ್ಲಿ ವ್ಯಾಗನ್ನುಗಳು. ಅದಕ್ಕೆ ಹೋಗಿ ತಗಲ್ಕೋಬೇಕು. ಇಂಜಿನ್ನಿನ ಉದ್ದ ಮೂತಿ ವ್ಯಾಗನ್ ಕಡೆಗೆ, ನಮ್ಮನೆಯವರು ಇರೋದು ಹಿಂದಿನ ಗೂಡಲ್ಲಿ. ತಲೆ ಹೊರಗೆ ಹಾಕಿ, ಕೆಳಗೆ ಬಾವುಟ ಹಿಡ್ಕೊಂಡು ನಿಂತಿದ್ದ ಪಾಯಿಂಟ್ಸ್‌ಮನ್ ಕಡೆ ಕಣ್ಣಿಟ್ಟು ಮೆಲ್ಲಗೆ ಬಿಟ್ರು. ಹಸಿರು ಬಾವುಟ ಆಡ್ತಿತ್ತು. ಇಂಜಿನ್ನು ಹತ್ತಿರ ಹತ್ತಿರ ಬಂತು.

ನಮ್ಮಪ್ಪನ ನಗು ನಿಂತಿದ್ದು ನನಗೆ ಗೊತ್ತೇ ಆಗ್ಲಿಲ್ಲ. ತಿರುಗಿ ನೋಡ್ತೀನಿ, ಬೆಂಚು ಬಿಟ್ಟು ಪ್ಲಾಟ್‌ಫಾರಂ ಅಂಚಲ್ಲಿ ನಿಂತಿದಾನೆ. ಪಂಚೆ ಎತ್ತಿ ಕಟ್ಟಿದಾನೆ. ಬಲಗೈ ಗಾಳೀಲಿ ಬಸ್ಸಿನ ಬೆನ್ನು ತಟ್ತಿದೆ.

"ಬರ್ಲಿ... ಬರ್ಲಿ... ಬರ್ಲಿ..."

ಮೊದಲು ಬಾಯೊಳಗೇ ಅಂತಿದ್ದ. ಇಂಜಿನ್ನು ವ್ಯಾಗನ್ನಿಗೆ ಮೊಳದಷ್ಟು ದೂರ ಬಂದಾಗ ತಡ್ಕೊಳ್ಳೋಕೆ ಆಗ್ಲಿಲ್ಲ, ಇಡೀ ಗುಬ್ಬಿಗೆ ಕೇಳೋ ಹಂಗೆ ಕೂಗಿದ. "ಹೋಲ್ಡಾನ್!"

ಅದೇ ಹೊತ್ತಿಗೆ ಕೆಳಗಿದ್ದವನು ಕೆಂಪು ಬಾವುಟ ತೋರಿಸ್ದ. ಇಂಜಿನ್ನು "ಟಕ್" ಅಂತ ವ್ಯಾಗನ್ನಿಗೆ ಮುಟ್ಟಿ ನಿಂತ್ಕೊಂತು. ಅಷ್ಟು ವ್ಯಾಗನ್ನಿದ್ರೂ ಒಂದೂ ಅಲುಗಾಡ್ಲಿಲ್ಲ, ಮೇಲಿದ್ದ ಜಲ್ಲೀಲಿ ಒಂದು ಕಲ್ಲೂ ಉದುರ್ಲಿಲ್ಲ.

"ನೋಡ್ದ್ಯಾ? ನಾನು ಹೋಲ್ಡಾನ್ ಅಂದೆ, ನಿಲ್ಲಿಸ್ದ!" ಅಂದ ನಮ್ಮಪ್ಪ. ಮುಖವೆಲ್ಲ ಬೆಳಕು. ಬಾವುಟದ ವಿಷಯ ಹೇಳೋಕೆ ನನಗೇನು ಹುಚ್ಚಾ? ಹೂಂ ಅಂದೆ.

ಕೆಲಸ ಮುಗಿಸಿ ನಮ್ಮನೆಯವರು ಬಂದಾಗ ನಮ್ಮಪ್ಪ ಹಠ ಹಿಡಿದ ಮೇಲೆ ಮೊದಲನೇ ಸಲ ತಾನಾಗಿ ಮಾತಾಡಿಸ್ದ.

"ಮುಂದೆ ಅಷ್ಟುದ್ದ ಮೂತಿ ಐತಲ್ಲ, ನಿಮಗೆ ಏನಾದ್ರೂ ಕಾಣ್ತದಾ?"

"ಸರಿಯಾಗಿ ಏನೂ ಕಾಣಲ್ಲ ಮಾವ. ಕೆಳಗಿರೋನು ಏನ್ ತೋರಿಸ್ತಾನೋ ಅದೇ."

ನಮ್ಮಪ್ಪ ಎತ್ತಿ ಕಟ್ಟಿದ್ದ ಪಂಚೆ ಕೆಳಗಿಳಿಸ್ದ. ಆಮೇಲೆ ಬಹಳ ಗಂಭೀರವಾಗಿ ಕೇಳ್ದ. "ಅವನಿಗೆ ಸೀನು ಬಂದ್ರೆ?"

ನಮ್ಮನೆಯವರಿಗೆ ಹೆಬ್ಬೂರಿನ ಕತೆ ಗೊತ್ತಿರ್ಲಿಲ್ಲ. ನಮ್ಮ ಮನೇಲಿ ಅದನ್ನ ಹೊರಗಿನವರಿಗೆ ಹೇಳೋ ಹಂಗಿಲ್ಲ. ಅವರು ಸಹಜವಾಗಿ ಹೇಳಿದ್ರು. "ಅವನು ಏನೂ ತೋರಿಸ್ಲಿಲ್ಲ ಅಂದ್ರೆ ನಿಲ್ಲಿಸ್ಬಿಡೋದೇ ಮಾವ. ನಾವು ನಿಧಾನಕ್ಕೆ ಬರೋದೇ ಅದಕ್ಕೆ."

ನಾನು ತಂದಿದ್ದ ಬುತ್ತಿ ಬಿಚ್ಚಿದ್ರೆ "ನನಗೆ ಬಸ್ ಹೊತ್ತಾಯ್ತು" ಅಂತ ನಮ್ಮಪ್ಪ ಹೊರಟ. ಹೋಗ್ತಾ ಹೋಗ್ತಾ ಇಂಜಿನ್ನಿನ ಪಕ್ಕ ನಿಂತು, ಅದರ ಮೈ ಮೇಲಿದ್ದ ಎಸ್ ಅನ್ನೋ ಅಕ್ಷರವನ್ನ ಇನ್ನೊಂದು ಸಲ ಓದಿದ. ಗೃಹಪ್ರವೇಶದ ಮಾತೇ ಎತ್ತಲಿಲ್ಲ. ಉಣ್ತಾನೋ ಇಲ್ಲವೋ, ಏನಂತ ತಿಳ್ಕೊಳ್ಲಿ ನಾನು?

ಗೃಹಪ್ರವೇಶದ ದಿನ ನಮ್ಮಪ್ಪ, ಚಿಕ್ಕಪ್ಪ ಬೆಳಿಗ್ಗೆಯೇ ಬಂದ್ರು. ಸೀರೆ ಬಂತು, ಮಡಿಲಕ್ಕಿ ಬಂತು, ತೆಂಗಿನಕಾಯಿ ಚೀಲ ಬಂತು. ನಮ್ಮಪ್ಪನ ಕೈಯಲ್ಲಿ ಪೇಪರ್ ಸುತ್ತಿದ ಒಂದು ಪೊಟ್ಟಣವೂ ಇತ್ತು. ಇಡ್ಲಿ! ಇವತ್ತೂ ತಂದಿದಾನೆ! ಕಟ್ಟೆ ಇಲ್ಲದಿದ್ರೂ ನಿಂತ್ಕೊಂಡೇ ತಿಂತಾನೆ ಈ ಯಪ್ಪ.

"ಏನಪ್ಪಾ ಅದು?" ಅಂದೆ, ಹಲ್ಲು ಕಚ್ಚಿಕೊಂಡು.

"ಹೂವು ಕಣವ್ವ. ಬಸ್ಸು ಹೆಬ್ಬೂರಲ್ಲಿ ನಿಂತಿತ್ತು, ತಗೊಂಡೆ" ಅಂತ ಬಾಗಿಲಿಗೆ ತಾನೇ ಮಾಲೆ ಕಟ್ಟಿದ.

ಪಂಕ್ತಿ ಹಾಕೋ ಹೊತ್ತಿಗೆ ನಾನು ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದೆ, ಬಡಿಸೋಕೆ ಹೋಗೋಕೂ ಧೈರ್ಯ ಇಲ್ಲ. ಎಲ್ಲರೂ ಕೂತ್ರು. ನಮ್ಮಪ್ಪ ಹಜಾರದ ಮಧ್ಯೆ ನಿಂತು ಒಂದು ಸಲ ಕೆಮ್ಮಿದ. ಆಮೇಲೆ ಪಂಚೆ ಸರಿ ಮಾಡ್ಕೊಂಡು, ಮೊದಲನೇ ಎಲೆ ಮುಂದೆ ಸಲೀಸಾಗಿ ಕೂತ್ಬಿಟ್ಟ.

ಪಕ್ಕದ ಎಲೆಯ ಚಿಕ್ಕಪ್ಪನಿಗೆ ಬಾಯಿ ಸುಮ್ನಿರುತ್ತಾ? "ಏನಣ್ಣ, ಗುಬ್ಬಿಗೆ ಓಡಿಸ್ಲಿ, ಆಮೇಲೆ ಉಣ್ತೀನಿ ಅಂದಿದ್ದೆ. ಎಳ್ಕೊಂಡ್ ಹೋದ್ರಂತಲ್ಲ?"

ನನ್ನ ಕೈಯಲ್ಲಿದ್ದ ಕೋಸಂಬರಿ ಪಾತ್ರೆಯನ್ನ ಚಿಕ್ಕಪ್ಪನ ತಲೆ ಮೇಲೆ ಬೋರಲು ಹಾಕೋಣ ಅನ್ನಿಸ್ತು.

ನಮ್ಮಪ್ಪ ಎಲೆಗೆ ನೀರು ಚಿಮುಕಿಸ್ತಾ, ತಲೆ ಎತ್ತದೆ ಹೇಳ್ದ. "ಗುಬ್ಬಿಗೆ ಅಂತ ಯಾವನ್ಲಾ ಅಂದಿದ್ದು? ಗುಬ್ಬೀಲಿ ಅಂದಿದ್ದೆ. ಗುಬ್ಬೀಲಿ ಓಡಿಸ್ಲಿ ಅಂತ. ಓಡಿಸಿದ್ರು, ನಾನೇ ನಿಂತು ನೋಡಿದೀನಿ. ನೀನು ಮೊದಲು ಕಿವಿ ತೋರಿಸ್ಕೋ."

ಚಿಕ್ಕಪ್ಪ ನನ್ನ ಕಡೆ ನೋಡ್ದ. ನಾನೂ ಅವನನ್ನೇ ನೋಡಿ "ಹೌದು ಚಿಕ್ಕಪ್ಪ, ಗುಬ್ಬೀಲಿ ಅಂತಲೇ ಅಂದಿದ್ದು" ಅಂದೆ.

ಹೋಳಿಗೆ ಬಂತು. ತುಪ್ಪದ ಗಿಂಡಿ ಹಿಡ್ಕೊಂಡು ಬಂದವರು ನಮ್ಮನೆಯವರೇ. ಮಾವನ ಎಲೆ ಮುಂದೆ ಬಗ್ಗಿ ಮೆಲ್ಲಗೆ ಹುಯ್ಯೋಕೆ ಶುರು ಮಾಡಿದ್ರು. ಯಾರಾದ್ರೂ ಸಾಕು ಸಾಕು ಅಂತ ಎಲೆ ಮೇಲೆ ಕೈ ಅಡ್ಡ ಹಿಡೀತಾರೆ. ನಮ್ಮಪ್ಪ ಹಿಡೀಲಿಲ್ಲ. ಕತ್ತೆತ್ತಿ ಅಳಿಯನ ಮುಖ ನೋಡ್ತಾ, ಎಡಗೈಲಿ ನೆಲ ತಟ್ಟಿದ.

"ಬರ್ಲಿ, ಅಳಿಯಂದ್ರೇ... ಬರ್ಲಿ... ಬರ್ಲಿ..."

ತುಪ್ಪ ಹೋಳಿಗೆ ಮೇಲೆಲ್ಲ ಹರಡಿ ಅಂಚಿಗೆ ಬಂತು.

"ಹೋಲ್ಡಾನ್!"

ಗಿಂಡಿ ನಿಂತ್ಕೊಂತು. ಒಂದು ತೊಟ್ಟೂ ಎಲೆ ಮೇಲೆ ಬೀಳ್ಲಿಲ್ಲ.